ತಲೆ ಎತ್ತಬಾರದ ದಿನಗಳು

ಕಣ್ಣಿನ ವಿಷಯ ಮನೆಯಲ್ಲಿ ಗೊತ್ತಾದದ್ದು ಊಟದ ಹೊತ್ತಿನಲ್ಲಿ. ಹೆಂಡತಿ ಬಲಗಡೆಯಿಂದ ಬಡಿಸಲು ಬಂದಳು. ಸೀನಿಯರ್‌ಗೆ ಅವಳ ಕೈ ಕಾಣಲೇ ಇಲ್ಲ. ಸೌಟಿಗೆ ಮೊಣಕೈ ತಗುಲಿ ಬಿಸಿ ಬೇಳೆಯೆಲ್ಲ ಮೇಜಿನ ಮೇಲೆ ಚೆಲ್ಲಿತು.

"ಪಕ್ಕದಲ್ಲೇ ನಿಂತಿದ್ದೀನಿ, ಕಾಣ್ಲಿಲ್ವಾ?" ಎಂದಳು ಹೆಂಡತಿ.

"ಕಾಣ್ಲಿಲ್ಲ. ಬಲಗಣ್ಣಿನ ಆ ಕಡೆಗೆ ಏನೋ ಕಪ್ಪು ಪರದೆ ಇಳಿಬಿಟ್ಟ ಹಾಗಿದೆ."

"ಯಾವಾಗಿಂದ?"

"ಪರದೆ ಇವತ್ತು ಬೆಳಿಗ್ಗೆಯಿಂದ. ಮಿಂಚು ಹೊಡೆದ ಹಾಗೆ ಆಗ್ತಿದ್ದದ್ದು ಹೋದ ವಾರದಿಂದ. ಸ್ಕ್ರೀನ್ ನೋಡಿ ನೋಡಿ ಹಾಗಾಗ್ತಿರಬೇಕು ಅಂದ್ಕೊಂಡೆ."

ಅವನ ತಾಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದರು. "ಹೋದ ವಾರದಿಂದ! ಬಾಯಿ ಬಿಡೋಕೆ ಏನಾಗಿತ್ತು ನಿಂಗೆ? ಏಳು, ಕೈ ತೊಳಿ."

ಸೀನಿಯರ್ ಅನ್ನುವುದು ಅವನ ಹೆಸರಲ್ಲ. ಅವನ ಹುದ್ದೆ ಸೀನಿಯರ್ ಬಿಸಿನೆಸ್ ಇಂಟೆಲಿಜೆನ್ಸ್ ಡೆವಲಪರ್. ಅದನ್ನು ಪೂರ್ತಿ ಹೇಳುವಷ್ಟರಲ್ಲಿ ಹಾಲು ಉಕ್ಕಿಹೋಗುತ್ತದೆ ಎಂದು ಹೆಂಡತಿ ಮೊದಲ ಪದವನ್ನಷ್ಟೇ ಉಳಿಸಿಕೊಂಡಿದ್ದಳು. ಕ್ರಮೇಣ ಮನೆಯಲ್ಲಿ ಅದೇ ಅಡ್ಡಹೆಸರಾಯಿತು. ಹಾಸಿಗೆ, ದಿಂಬು ಮಾರುವ ಒಂದು ದೊಡ್ಡ ಕಂಪನಿಯಲ್ಲಿ ಅವನಿಗೆ ಕೆಲಸ. ಫೋನಿನಲ್ಲಿ, ಟೀವಿಯಲ್ಲಿ, ರಸ್ತೆ ಬದಿಯ ಬೋರ್ಡುಗಳಲ್ಲಿ ಕಂಪನಿ ಹಾಕುವ ಯಾವ ಜಾಹೀರಾತು ಎಷ್ಟು ಜನರನ್ನು ಅಂಗಡಿಗೆ ಕರೆತಂದಿತು, ಅವರಲ್ಲಿ ಎಷ್ಟು ಜನ ಕೊಂಡರು ಎನ್ನುವುದನ್ನು ಅಂಕಿಗಳಿಂದ ಹೆಕ್ಕಿ, ಗೀಟುಗಳಾಗಿ, ಕಂಬಗಳಾಗಿ ತೆರೆಯ ಮೇಲೆ ತೋರಿಸುವುದು. ಮಾರ್ಕೆಟಿಂಗ್ ವಿಭಾಗದವರು ಬೆಳಿಗ್ಗೆ ಬಂದ ಕೂಡಲೇ ಮೊದಲು ತೆರೆಯುವುದು ಅವನು ಕಟ್ಟಿದ ಆ ಪುಟಗಳನ್ನೇ. ಅವನ ತಾಯಿ ಮಾತ್ರ ಯಾರಾದರೂ ಕೇಳಿದರೆ, "ಹಾಸಿಗೆ ಕಂಪನಿಯಲ್ಲಿ ಗೀಟು ಎಳೀತಾನೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. "ಕಣ್ಣಿನ ಹಿಂದಿನ ಪದರ ಬಿಟ್ಟುಕೊಂಡಿದೆ. ನಾಳೇನೇ ಆಪರೇಷನ್. ಅಂಟಿಸಿ, ಒಳಗೆ ಗಾಳಿಗುಳ್ಳೆ ತರಹದ್ದು ಬಿಡ್ತೀವಿ. ಗುಳ್ಳೆ ಯಾವಾಗ್ಲೂ ಮೇಲಕ್ಕೆ ಹೋಗುತ್ತೆ. ನೀವು ನೆಲ ನೋಡ್ತಿದ್ರೆ ಅದು ಪದರವನ್ನ ಒತ್ತಿ ಹಿಡ್ಕೊಂಡಿರುತ್ತೆ. ಹಾಗಾಗಿ ಎರಡು ವಾರ ಮುಖ ಕೆಳಗೆ."

"ಮಲಗುವಾಗಲಾ?" ಎಂದ ಸೀನಿಯರ್.

"ಮಲಗುವಾಗ, ಊಟ ಮಾಡುವಾಗ, ನಡೆಯುವಾಗ, ಜಗಳ ಆಡುವಾಗ. ತಲೆ ಎತ್ತಿದ್ರೆ ನಾನು ಮಾಡಿದ್ದೆಲ್ಲ ನೀರಲ್ಲಿ ಹೋಮ."

ಎಡಗಣ್ಣು ಒಂದಿದೆಯಲ್ಲ ಎಂದು ಸಮಾಧಾನ ಪಡುವಂತಿರಲಿಲ್ಲ. ಅದು ಚಿಕ್ಕಂದಿನಿಂದಲೇ ಮಂದ. ಮೇಜು ಮೇಜೆಂದು, ಬಾಗಿಲು ಬಾಗಿಲೆಂದು ಅದಕ್ಕೆ ತಿಳಿಯುತ್ತಿತ್ತು. ಅಕ್ಷರ ಬಂದರೆ ಇರುವೆ ಸಾಲು.

ಹೀಗೆ ಆಪರೇಷನ್ ಮುಗಿದ ಮೇಲೆ ನಡುಮನೆಯ ಕಿಟಕಿಯ ಬಳಿ ಅವನ ಠಾವು ಸಿದ್ಧವಾಯಿತು. ಒಂದು ಕುರ್ಚಿ, ಎದುರಿಗೆ ಗಿಡ್ಡ ಮೇಜು, ಹಣೆ ಊರಲು ಮೇಜಿನ ಅಂಚಿನಿಂದ ಹೊರಚಾಚಿದ, ನಡುವೆ ತೂತಿರುವ ದಿಂಬು. ದಿಂಬು ಅವನ ಕಂಪನಿಯದೇ.

"ಇದನ್ನ ಎಷ್ಟು ಜನ ಕೊಂಡ್ರು ಅಂತ ವರ್ಷಗಟ್ಟಲೆ ಎಣಿಸಿದೀನಿ. ಯಾಕೆ ಕೊಳ್ತಾರೆ ಅಂತ ಈಗ ಗೊತ್ತಾಗ್ತಿದೆ," ಎಂದ ದಿಂಬಿನ ತೂತಿನೊಳಗಿಂದ.

ಬಲಗಣ್ಣಿಗೆ ಮುಚ್ಚಳ ಹಾಕಿದ್ದರು. ಆ ತೂತಿನಿಂದ ಎಡಗಣ್ಣಿಗೆ ಕಾಣುತ್ತಿದ್ದದ್ದು ನೆಲ, ನೆಲದ ಮೇಲೆ ಓಡಾಡುವ ಕಾಲುಗಳು. ಹೆಂಡತಿಯ ಕಾಲು ಯಾವಾಗಲೂ ಅವಸರದಲ್ಲಿ. ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಅವಳು ಟೆಕ್ನಿಷಿಯನ್. ಜನ ಖಾಲಿ ಹೊಟ್ಟೆಯಲ್ಲಿ ಬರುವುದರಿಂದ ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು. ತಾಯಿಯ ಕಾಲು ಚಪ್ಪಲಿ ಎಳೆದುಕೊಂಡು ಬರುತ್ತಿತ್ತು. ಕಾಲೇಜಿಗೆ ಹೋಗುವ ಮಗಳ ಕಾಲು ಅವನ ಹತ್ತಿರ ಬಂದ ಕೂಡಲೇ ವೇಗ ಹೆಚ್ಚಿಸಿಕೊಂಡು ದಾಟಿಹೋಗುತ್ತಿತ್ತು.

ಮಗಳು ಮಾತು ಬಿಟ್ಟು ತಿಂಗಳ ಮೇಲಾಗಿತ್ತು. ಅವಳ ಪರೀಕ್ಷೆಯ ಅಂಕಗಳನ್ನೆಲ್ಲ ಸೇರಿಸಿ ಸೀನಿಯರ್ ಒಂದು ಗೀಟಿನ ಚಿತ್ರ ಮಾಡಿ, ಬಣ್ಣದಲ್ಲಿ ಮುದ್ರಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಗೀಟು ಸೀದಾ ಕೆಳಗಿಳಿದಿತ್ತು. ಅದೇ ದಿನ ಮನೆಗೆ ಬಂದ ಅವಳ ಚಿಕ್ಕಮ್ಮ, ನೀರು ತೆಗೆಯಲು ಹೋದವರು, ಅದನ್ನು ಓದಿ "ಅಯ್ಯೋ ಪಾಪ" ಎಂದುಬಿಟ್ಟರು. "ನಾನೇನು ನಿಮ್ಮ ಕಂಪನಿ ಜಾಹೀರಾತಾ?" ಎಂದು ಕೂಗಿ ಮಗಳು ಕಾಗದವನ್ನು ಹರಿದು ಬಿಸಾಡಿದವಳು, ಅಂದಿನಿಂದ ಅಪ್ಪನಿಗೆ ಹೇಳಬೇಕಾದದ್ದನ್ನೆಲ್ಲ ಅಜ್ಜಿಯ ಮೂಲಕವೇ ಹೇಳಿಸುತ್ತಿದ್ದಳು.

ಊಟ ಮಾಡಿಸುವುದೇ ಒಂದು ಸಾಹಸವಾಯಿತು. ತಟ್ಟೆಯನ್ನು ಅವನ ಮುಖದ ಕೆಳಗೆ ಸ್ಟೂಲಿನ ಮೇಲಿಟ್ಟರೆ ಅವನೇ ಚಮಚದಲ್ಲಿ ತಿನ್ನುತ್ತಿದ್ದ. ನೀರು, ಹಾಲು, ಸೂಪಿಗೆಲ್ಲ ಸ್ಟ್ರಾ.

"ಅತ್ತೆ, ಗಂಜಿ ಇಷ್ಟು ಗಟ್ಟಿ ಮಾಡಿದ್ರೆ ಸ್ಟ್ರಾದಲ್ಲಿ ಹೇಗೆ ಬರುತ್ತೆ?"

"ನೀರು ಮಾಡಿದ್ರೆ ಹೊಟ್ಟೆಗೆ ಏನು ಸಿಗುತ್ತೆ? ಚಮಚ ಇದೆಯಲ್ಲ."

"ಚಮಚದಲ್ಲಿ ತಿಂದು ಅರ್ಧ ನೆಲಕ್ಕೆ. ಕೆಲಸದಿಂದ ಬಂದು ಒರೆಸೋಳು ನಾನು."

"ನಾನೇನು ಕೈಕಟ್ಟಿ ಕೂತಿದ್ದೀನಾ? ಈ ವಯಸ್ಸಲ್ಲಿ ಬಗ್ಗೋಕೆ ಆಗಲ್ಲ, ಆದ್ರೂ ಒರೆಸ್ತೀನಿ ಬಿಡು."

"ಬಗ್ಗಿ ಅಂತ ನಾನು ಹೇಳಿದ್ನಾ?"

ಸೀನಿಯರ್ ನೆಲಕ್ಕೆ ಮುಖ ಮಾಡಿಕೊಂಡೇ, "ಗಂಜಿ ಚೆನ್ನಾಗಿದೆ" ಎಂದ. ಇಬ್ಬರೂ ಒಟ್ಟಿಗೆ, "ನೀವು ಸುಮ್ನಿರಿ", "ನೀನು ಸುಮ್ನಿರು" ಎಂದರು.

ಮೊದಲ ವಾರದ ಮಧ್ಯದಲ್ಲಿ ಮ್ಯಾನೇಜರ್ ಫೋನು ಬಂತು. ಒಳ್ಳೆಯ ಹೆಂಗಸು. ಕಣ್ಣಿನ ಬಗ್ಗೆ ಕೇಳಿ, ರಜೆ ಎಷ್ಟು ಬೇಕಾದರೂ ತಗೊಳ್ಳಿ ಎಂದು, ಆಮೇಲೆ ಸ್ವರ ಇಳಿಸಿದಳು.

"ಅರ್ಧವಾರ್ಷಿಕ ರಿವ್ಯೂ ಮುಂದಿನ ವಾರ ಇದೆ. ನೀವು ಮಾಡ್ತಿದ್ದ ಹೊಸ ಲೆಕ್ಕ ಅರ್ಧಕ್ಕೇ ನಿಂತಿದೆ. ಹಳೇ ಲೆಕ್ಕದಲ್ಲೇ ತೋರಿಸಿಬಿಡ್ತೀವಿ. ಆದ್ರೆ ಹಾಗೆ ತೋರಿಸಿದ್ರೆ ಮಳಿಗೆ ತಂಡವನ್ನ ತೆಗೆದುಹಾಕ್ತಾರೆ. ನಿಮ್ಮ ಕಿವಿಗೂ ಬೀಳ್ಲಿ ಅಂತ ಹೇಳಿದೆ."

ಮಳಿಗೆ ತಂಡವೆಂದರೆ ದೊಡ್ಡ ಅಂಗಡಿಗಳ ಬಾಗಿಲಲ್ಲಿ ನಿಂತು, ಬಂದವರನ್ನು ಕರೆದು, ಹಾಸಿಗೆ ಒತ್ತಿ ತೋರಿಸಿ, ಅವರ ಫೋನ್ ನಂಬರ್ ಬರೆದುಕೊಳ್ಳುವ ಹೆಂಗಸರು. ಅವರ ಮಾತು ಕೇಳಿದವರು ಕೂಡಲೇ ಕೊಳ್ಳುವುದಿಲ್ಲ. ಮನೆಗೆ ಹೋಗಿ, ಯೋಚಿಸಿ, ವಾರದ ನಂತರ ಫೋನಿನಲ್ಲಿ ಜಾಹೀರಾತು ಕಂಡಾಗ ಅದನ್ನೇ ಒತ್ತಿ ಕೊಳ್ಳುತ್ತಾರೆ. ಹಳೆಯ ಲೆಕ್ಕದಲ್ಲಿ ಆ ಮಾರಾಟವೆಲ್ಲ ಫೋನಿನ ಜಾಹೀರಾತಿನ ಹೆಸರಿಗೆ. ಹೆಂಗಸರ ಹೆಸರಿಗೆ ಸೊನ್ನೆ.

"ನಾನೇ ಮುಗಿಸ್ತೀನಿ," ಎಂದ ಸೀನಿಯರ್. "ಮನೆಯವರು ಓದಿ ಹೇಳ್ತಾರೆ. ನಡೆಯುತ್ತಾ?"

"ಗ್ರಾಹಕರ ಹೆಸರು, ನಂಬರ್ ಇರೋದೇನೂ ತೆರೀಬೇಡಿ. ಮೊತ್ತಗಳನ್ನ ಓದಿದ್ರೆ ತೊಂದರೆ ಇಲ್ಲ," ಎಂದಳು ಮ್ಯಾನೇಜರ್.

ಓದುವ ಕೆಲಸ ತಾಯಿಯ ಪಾಲಿಗೆ ಬಂತು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ ಅಂಕಿ ಹೇಳುವ ಸ್ವರ ಹಾಗೇ ಇತ್ತು. ಕನ್ನಡಕ ಏರಿಸಿ ಲ್ಯಾಪ್‌ಟಾಪಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು, "ಮೂರು, ಸೊನ್ನೆ, ಸೊನ್ನೆ, ಏಳು. ಮುಂದಿನ ಸಾಲಾ?" ಎಂದರು.

"ಮೂರು ಸಾವಿರದ ಏಳು ಅಂದ್ರೆ ಸಾಕಮ್ಮ."

"ನನಗೆ ಬರೋದು ಹೀಗೆ. ಬೇಕಾದ್ರೆ ಕೇಳು."

ಆದರೆ ಟೈಪ್ ಮಾಡುವವರು ಬೇಕಿತ್ತಲ್ಲ. ಅಜ್ಜಿ ಮೊಮ್ಮಗಳ ಕೋಣೆಗೆ ಹೋಗಿ ಬಂದು ಷರತ್ತು ಒಪ್ಪಿಸಿದರು. "ಟೈಪ್ ಮಾಡ್ತಾಳಂತೆ. ಕೆಲಸದ ಮಾತು ಬಿಟ್ಟು ಬೇರೆ ಒಂದು ಮಾತೂ ಆಡಬಾರದಂತೆ."

"ಆಯ್ತು," ಎಂದ ಸೀನಿಯರ್.

ಮಗಳು ಬಂದು ಕೂತಳು. ಅವನು ನೆಲಕ್ಕೆ ಹೇಳುತ್ತಾ ಹೋದ, ಅವಳು ಒತ್ತುತ್ತಾ ಹೋದಳು. ಇಷ್ಟು ವರ್ಷ ಬೆರಳಿನಿಂದ ತಾನಾಗಿ ಹರಿಯುತ್ತಿದ್ದದ್ದನ್ನು ಬಾಯಿಂದ ಒಂದೊಂದೇ ಚಿಹ್ನೆಯಾಗಿ ಹೇಳುವುದು ಅವನಿಗೆ ನಡೆಯುವುದನ್ನು ಮತ್ತೆ ಕಲಿತಂತಾಯಿತು.

"ತಪ್ಪು ಅಂತ ಕೆಂಪು ಬಂತು," ಎಂದಳು ಮಗಳು, ಅಜ್ಜಿಯ ಕಡೆ ತಿರುಗಿ.

"ಬ್ರಾಕೆಟ್ ಮುಚ್ಚಿದ್ಯಾ?"

"ಮುಚ್ಚಿದ್ದೀನಿ ಅಂತ ಹೇಳಜ್ಜಿ."

"ಮುಚ್ಚಿದ್ದಾಳಂತೆ ಕಣೋ."

"ಎರಡು ತೆರೆದಿದ್ವಿ. ಎರಡೂ ಮುಚ್ಚಿದ್ಯಾ?"

ಒಂದು ಗುಂಡಿ ಒತ್ತಿದ ಟಕ್ ಶಬ್ದ ಕೇಳಿತು.

ಒಂದು ಮಧ್ಯಾಹ್ನ ತಾಯಿ ಕನ್ನಡಕ ತೆಗೆದು ಕೇಳಿದರು, "ಇಷ್ಟೆಲ್ಲ ಯಾತಕ್ಕೋ? ಯಾರ ಮೂಲಕ ಬಂದೆ ಅಂತ ಕೊಂಡವನನ್ನೇ ಕೇಳಿದ್ರೆ ಆಗಲ್ವಾ?"

"ಅವನಿಗೂ ಗೊತ್ತಿರಲ್ಲಮ್ಮ. ಈಗ ನೋಡು, ಇವತ್ತಿನ ಊಟ ಯಾರು ಮಾಡಿದ್ದು? ಪುಟ್ಟಿ ತರಕಾರಿ ತಂದ್ಲು, ಇವಳು ಬೆಳಿಗ್ಗೆನೇ ಹೆಚ್ಚಿಟ್ಟು ಹೋದ್ಲು, ನೀನು ಬೇಯಿಸಿ ಬಡಿಸಿದೆ. ಹಳೇ ಲೆಕ್ಕದಲ್ಲಿ ಕೊನೆಗೆ ಬಡಿಸಿದವರದ್ದೇ ಪೂರ್ತಿ ಅಡುಗೆ. ನಾನು ಅದನ್ನ ಹಂಚ್ತಿದ್ದೀನಿ."

ಹೆಂಡತಿ ಆಗತಾನೇ ಲ್ಯಾಬಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

"ಹೌದಾ?" ಎಂದಳು. "ಆಫೀಸಿನ ಹೆಂಗಸರಿಗೆ ಹಂಚ್ತಿದ್ದೀರಾ? ಒಳ್ಳೇದು. ಈ ಮನೇಲಿ ಹದಿನೆಂಟು ವರ್ಷದಿಂದ ಯಾವ ಲೆಕ್ಕ ನಡೀತಿದೆ ಅಂತನೂ ಸ್ವಲ್ಪ ನೋಡಿ. ನಿಮ್ಮ ಅಂಗಿ ಕಪಾಟಿನಲ್ಲಿ ತಾನಾಗೇ ಬೆಳೆಯುತ್ತಾ? ಗ್ಯಾಸ್ ಖಾಲಿಯಾಗೋ ಮೊದಲು ಇನ್ನೊಂದು ತಾನಾಗೇ ನಡ್ಕೊಂಡು ಬರುತ್ತಾ? ಊಟ ಮಾಡ್ತಾ ಮಾಡ್ತಾ ಫೋನ್ ನೋಡ್ಕೊಂಡು 'ಚೆನ್ನಾಗಿದೆ' ಅಂತೀರಿ. ಏನು ಚೆನ್ನಾಗಿದೆ ಅಂತ ಕೇಳಿದ್ರೆ ತಟ್ಟೆ ನೋಡಿ ಹೇಳ್ತೀರಿ."

ತಾಯಿ ಏನೋ ಹೇಳಲು ಬಾಯಿ ತೆರೆದರು.

"ಅತ್ತೆ, ನೀವು ಮಧ್ಯೆ ಬರಬೇಡಿ. ನಿಮಗೂ ಸೇರಿಸೇ ಹೇಳ್ತಿದ್ದೀನಿ. ನೀವು ಬೇಯಿಸಿದ್ದನ್ನೂ ಅವರು ನೋಡಿಲ್ಲ."

ತಾಯಿ ಕನ್ನಡಕ ಮಡಚಿಟ್ಟರು. ಆಮೇಲೆ, "ಅದೂ ನಿಜವೇ" ಎಂದರು.

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಸೀನಿಯರ್ ಎದ್ದು ಲ್ಯಾಪ್‌ಟಾಪ್ ತೆಗೆಯುತ್ತಿದ್ದ. ಈಗ ಎಲ್ಲಿಗೂ ಏಳುವಂತಿರಲಿಲ್ಲ. ಅವಳ ಹಿಮ್ಮಡಿ ಒಡೆದಿರುವುದು, ಅಲ್ಲಿ ಒಂದು ಪ್ಲಾಸ್ಟರ್ ಅಂಟಿಸಿರುವುದು ಎಡಗಣ್ಣಿಗೆ ಮಸುಕಾಗಿ ಕಂಡಿತು.

"ಕಾಲಿಗೇನಾಗಿದೆ?" ಎಂದು ಕೇಳಿದ.

"ಒಡೆದಿದೆ. ಚಳಿಗಾಲದಲ್ಲಿ ಒಡೆಯುತ್ತೆ. ಪ್ರತಿ ವರ್ಷ ಒಡೆಯುತ್ತೆ," ಎಂದು ಹೇಳಿ ಅವಳು ಒಳಗೆ ಹೋದಳು. ಆದರೆ ಆ ಸಂಜೆ ಗಂಜಿಗೆ ನೀರು ಸರಿಯಾಗಿತ್ತು. ಅತ್ತೆ ಸೊಸೆ ಅಡುಗೆಮನೆಯಲ್ಲಿ ಏನೋ ಮಾತಾಡಿಕೊಂಡು ನಗುತ್ತಿದ್ದದ್ದು ಕೇಳಿಸಿತು.

ಎಡವಟ್ಟಾದದ್ದು ಎರಡನೆಯ ವಾರ ಶುರುವಾದಾಗ. ಹೊಸ ಲೆಕ್ಕದ ಮೊತ್ತ ಹೊರಬಂತು. ತಾಯಿ ಓದಿದರು. ಕೊಂಡವರ ಒಟ್ಟು ಸಂಖ್ಯೆಗಿಂತ ಹಂಚಿದ್ದೇ ಜಾಸ್ತಿ! ಎಲ್ಲೋ ಕೆಲವರನ್ನು ಎರಡು ಸಲ ಎಣಿಸಿತ್ತು. ಎಲ್ಲಿ ಎಂದು ಹುಡುಕಲು ಸಾಲು ಸಾಲಾಗಿ ಓದಿಸಿದರೂ ಸಿಗಲಿಲ್ಲ. ತಾಯಿ ಸ್ನಾನಕ್ಕೆ ಹೋದರು, ಮಗಳು ಹಾಲು ತರಲು ಇಳಿದಳು. ಸೀನಿಯರ್ ತೆರೆಯ ಕಡೆಗೆ ಕೈ ಚಾಚಿದ. ಒಂದೇ ಒಂದು ಸಲ, ಒಂದು ಕ್ಷಣ, ಎಂದುಕೊಂಡು ತಲೆ ಎತ್ತಿ, ಬಲಗಣ್ಣಿನ ಮುಚ್ಚಳ ಸರಿಸಿದ.

ಏನೂ ಕಾಣಲಿಲ್ಲ. ಬೂದು ಬಣ್ಣದ ನೀರು ತುಳುಕಿದ ಹಾಗೆ ಆಯಿತು, ಅಷ್ಟೆ.

"ಅಪ್ಪಾ!"

ಬಾಗಿಲಲ್ಲಿ ಮಗಳ ಕೈಯಿಂದ ಹಾಲಿನ ಚೀಲ ಬಿತ್ತು. ಅವಳು ಓಡಿಬಂದು ಎರಡೂ ಕೈಯಿಂದ ಅವನ ಕತ್ತು ಹಿಡಿದು ಬಗ್ಗಿಸಿದಳು. "ತಲೆ ಕೆಳಗೆ! ಕೆಳಗೆ ಅಪ್ಪ! ಡಾಕ್ಟರ್ ಏನು ಹೇಳಿದ್ರು? ಕಿವಿ ಇಲ್ವಾ ನಿಮಗೆ? ಕಣ್ಣು ಹೋದ್ರೆ ಏನು ಮಾಡ್ತೀರಿ? ನಾವೇನು ಮಾಡ್ಬೇಕು?" ಬೈಯುತ್ತಾ ಬೈಯುತ್ತಾ ಅಳತೊಡಗಿದಳು. ಕತ್ತಿನ ಮೇಲಿನ ಕೈ ಮಾತ್ರ ಬಿಡಲಿಲ್ಲ.

ಹೆಂಡತಿ ಲ್ಯಾಬಿನಿಂದ ನೇರ ಆಸ್ಪತ್ರೆಗೇ ಬಂದಳು. ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿದರು.

"ಪದರ ಅಲ್ಲೇ ಕೂತಿದೆ. ನಿಮ್ಮ ಪುಣ್ಯ," ಎಂದರು. "ಇನ್ನೊಂದು ಸಲ ಹೀಗೆ ಮಾಡಿದ್ರೆ ನನ್ನ ಹತ್ತಿರ ಬರಬೇಡಿ."

ಮನೆಗೆ ಬಂದ ಮೇಲೂ ಹೆಂಡತಿ ಬೈಯಲಿಲ್ಲ, ಕೂಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ವೈರು ಸುತ್ತಿ, ತನ್ನ ಕೆಲಸದ ಬ್ಯಾಗಿನೊಳಗೆ ಹಾಕಿಕೊಂಡಳು. "ಇನ್ನು ಇದು ನನ್ನ ಜೊತೆ ಲ್ಯಾಬಿಗೆ ಬರುತ್ತೆ. ನಾನು ಮನೇಲಿದ್ದಾಗ ಮಾತ್ರ ತೆಗೆಯೋದು."

"ರಿವ್ಯೂ..." ಎಂದ ಸೀನಿಯರ್.

"ಆ ಹೆಂಗಸರಿಗೋಸ್ಕರ ನಾನೂ ಕೂತು ಓದ್ತೀನಿ. ಆದ್ರೆ ನಾನಿದ್ದಾಗ."

ಮಾರನೆಯ ಬೆಳಿಗ್ಗೆ ಲ್ಯಾಪ್‌ಟಾಪ್ ಇಲ್ಲದ ಗಿಡ್ಡ ಮೇಜಿನ ಮುಂದೆ ಸೀನಿಯರ್ ಸುಮ್ಮನೆ ಹಣೆ ಊರಿ ಕೂತಿದ್ದ. ಮಗಳಿಗೆ ಆ ದಿನ ಕ್ಲಾಸಿರಲಿಲ್ಲ. ಅವಳು ಬಂದು ಮೇಜಿನ ಕೆಳಗೆ ತೂರಿ ನೆಲದ ಮೇಲೆ ಅಂಗಾತ ಮಲಗಿದಳು. ದಿಂಬಿನ ತೂತಿನೊಳಗೆ ಅವಳ ಮುಖ ಬಂತು, ಮಸುಕಾಗಿ, ತಲೆಕೆಳಗಾಗಿ.

"ನಿಮ್ಮ ಮುಖ ಬನ್ನಿನ ಹಾಗೆ ಊದಿದೆ," ಎಂದಳು.

"ನೆಲ ತಣ್ಣಗಿದೆ, ಏಳು."

"ಪರವಾಗಿಲ್ಲ."

ಸೀನಿಯರ್ ದಿಂಬಿನ ಮೇಲೆ ಹಣೆಯನ್ನು ಸರಿಸಿಕೊಂಡ.

"ಅವತ್ತು ಫ್ರಿಜ್ಜಿಗೆ ಅಂಟಿಸಿದ್ದು ತಪ್ಪಾಯ್ತು ಪುಟ್ಟಿ."

"ಗೀಟು ಇಳಿದಿದ್ದು ಕಾಣಿಸ್ತು ನಿಮಗೆ. ಯಾಕೆ ಇಳೀತು ಅಂತ ಒಂದ್ಸಲ ಕೇಳ್ಬಹುದಿತ್ತಲ್ಲಪ್ಪ."

"ಈಗ ಕೇಳ್ತೀನಿ. ಯಾಕೆ?"

ಅವಳು ಹೇಳಿದಳು. ಜೊತೆಗೆ ಓದುತ್ತಿದ್ದ ಗೆಳತಿ ಬೇರೆ ಊರಿಗೆ ಹೋದದ್ದು, ಉಳಿದವರ ಗುಂಪಿನಲ್ಲಿ ಇವಳಿಗೆ ಜಾಗ ಸಿಗದೆ ಹೋದದ್ದು, ಮಧ್ಯಾಹ್ನದ ಡಬ್ಬಿಯನ್ನು ಲೈಬ್ರರಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿನ್ನುತ್ತಿದ್ದದ್ದು, ಪಾಠ ಅರ್ಥವಾಗದಿದ್ದರೂ ಕೇಳಲು ಯಾರೂ ಇರದೆ ಸುಮ್ಮನಾದದ್ದು. ನಡುವೆ ನಡುವೆ ವಿಷಯ ಬಿಟ್ಟು ಬೇರೆ ಏನೇನೋ ಹೇಳಿದಳು. ಯಾವುದೋ ಮೇಷ್ಟರ ನಡಿಗೆಯನ್ನು ಮಲಗಿದಲ್ಲೇ ಕಾಲಾಡಿಸಿ ತೋರಿಸಿದಳು. ಅವನು ಒಂದು ಸಲವೂ ಉಪಾಯ ಹೇಳಲು ಹೋಗಲಿಲ್ಲ. ಅಜ್ಜಿ ಎರಡು ಲೋಟ ಹಾಲು ತಂದು, ಒಂದಕ್ಕೆ ಸ್ಟ್ರಾ ಹಾಕಿ, ಇನ್ನೊಂದನ್ನು ಮೇಜಿನ ಕೆಳಗೆ ತಳ್ಳಿ ಹೋದರು.

ಸಂಜೆ ಹೆಂಡತಿ ಬಂದ ಮೇಲೆ ನಾಲ್ವರೂ ಕೂತರು. ಎರಡು ಸಲ ಎಣಿಸಿದ್ದು ಎಲ್ಲಿ ಎಂದು ಸೀನಿಯರ್‌ಗೆ ಬೆಳಿಗ್ಗೆ ಸುಮ್ಮನೆ ಕೂತಿದ್ದಾಗಲೇ ಹೊಳೆದಿತ್ತು: ಒಂದೇ ಮನೆಯ ಗಂಡ ಹೆಂಡತಿ ಇಬ್ಬರೂ ನಂಬರ್ ಕೊಟ್ಟು ಒಂದೇ ಹಾಸಿಗೆ ಕೊಂಡಿದ್ದಾಗ ಅದು ಎರಡಾಗಿತ್ತು. ಅವನು ಹೇಳಿದ, ಮಗಳು ತಿದ್ದಿದಳು. ಅಜ್ಜಿ ಓದಿದರು. ಈ ಸಲ ಮೊತ್ತ ಕೂಡಿಬಂತು. ಮಳಿಗೆಯ ಹೆಂಗಸರ ಹೆಸರಿನ ಮುಂದೆ ಸೊನ್ನೆ ಇರಲಿಲ್ಲ. ಮಾರಾಟದ ಕಾಲುಭಾಗ ಅವರಿಂದ ಶುರುವಾಗಿತ್ತು.

"ಕಾಲುಭಾಗನಾ?" ಎಂದಳು ಹೆಂಡತಿ. "ಅವರನ್ನೇ ತೆಗೆಯೋಕೆ ಹೊರಟಿದ್ರಾ?"

ರಿವ್ಯೂ ದಿನ ಹೆಂಡತಿ ಒಂದು ಗಂಟೆ ಮೊದಲೇ ಬಂದಳು. ಕರೆಯಲ್ಲಿ ಮ್ಯಾನೇಜರ್, ಅವಳ ಮೇಲಿನ ಮುಖ್ಯಸ್ಥರು, ಇನ್ನೂ ಕೆಲವರು. ಸೀನಿಯರ್ ದಿಂಬಿನೊಳಗಿಂದ ಮಾತಾಡಿದ. ಮಗಳು ಪುಟ ತಿರುವಿದಳು. ಮುಖ್ಯಸ್ಥರು ಯಾವುದೋ ತಿಂಗಳ ಸಂಖ್ಯೆ ಕೇಳಿದಾಗ ಸೀನಿಯರ್ ತಡವರಿಸಿದ. ಕೂಡಲೇ ಪಕ್ಕದಿಂದ ಸ್ವಚ್ಛವಾದ ಸ್ವರ: "ನಾಲ್ಕು, ಒಂದು, ಸೊನ್ನೆ, ಆರು."

"ಯಾರದು?" ಎಂದರು ಮುಖ್ಯಸ್ಥರು.

"ನಮ್ಮಮ್ಮ," ಎಂದ ಸೀನಿಯರ್. "ಟೈಪ್ ಮಾಡಿದ್ದು ಮಗಳು. ನಾನು ತಲೆ ಎತ್ತದ ಹಾಗೆ ನೋಡ್ಕೊಂಡಿದ್ದು ಹೆಂಡತಿ. ಇವರಿಲ್ಲದಿದ್ರೆ ಈ ಲೆಕ್ಕ ಇವತ್ತು ನಿಮ್ಮ ಮುಂದೆ ಇರ್ತಿರಲಿಲ್ಲ, ನನ್ನ ಕಣ್ಣೂ ಇರ್ತಿರಲಿಲ್ಲ."

ಮುಖ್ಯಸ್ಥರು ಎರಡು ಪ್ರಶ್ನೆ ಕೇಳಿದರು, ಎರಡರಲ್ಲೂ ಅನುಮಾನದ ಸ್ವರವೇ ಇತ್ತು. ಕೊನೆಗೆ, "ಮಳಿಗೆ ತಂಡ ಇನ್ನೂ ಆರು ತಿಂಗಳು ಇರಲಿ. ಆಮೇಲೆ ಇದೇ ಲೆಕ್ಕದಲ್ಲಿ ಮತ್ತೆ ನೋಡೋಣ" ಎಂದರು.

ಕರೆ ಮುಗಿದ ಮೇಲೆ ಮ್ಯಾನೇಜರ್ ಬೇರೆಯಾಗಿ ಫೋನ್ ಮಾಡಿ ಮೂವರಿಗೂ ಧನ್ಯವಾದ ಹೇಳಿದಳು. ತಾಯಿ ಫೋನ್ ಕೆಳಗಿಟ್ಟು, "ಸಂಬಳದ ಮಾತೇ ಎತ್ತಲಿಲ್ಲ ನೋಡು ಅವಳು" ಎಂದರು.

ಎರಡು ವಾರದ ಗಡುವು ಮುಗಿದು ಆಸ್ಪತ್ರೆಗೆ ಹೋದ ದಿನ ಡಾಕ್ಟರಮ್ಮ, "ಈಗ ತಲೆ ಎತ್ತಿ" ಎಂದರು. ಅವನಿಗೆ ಧೈರ್ಯ ಬರಲಿಲ್ಲ. ಮಗಳು ಗಲ್ಲ ಹಿಡಿದು ಮೆಲ್ಲಗೆ ಎತ್ತಿದಳು. ಗುಳ್ಳೆ ಅರ್ಧ ಕರಗಿತ್ತು. ಬಲಗಣ್ಣಿನ ಕೆಳಗಿನ ಅರ್ಧದಲ್ಲಿ ನೀರು ನಿಂತ ಹಾಗೆ ತುಳುಕುತ್ತಿತ್ತು. ಮೇಲಿನ ಅರ್ಧದಲ್ಲಿ ಕಿಟಕಿ, ಗೋಡೆ, ಗೋಡೆಗೆ ಒರಗಿ ನಿಂತ ಹೆಂಡತಿ. ಅವಳ ಕೂದಲು ಭುಜದವರೆಗೆ ಮಾತ್ರ ಇತ್ತು.

"ಕೂದಲು ಯಾವಾಗ ಕತ್ತರಿಸಿದೆ?"

"ನೀವು ನೆಲ ನೋಡ್ತಿದ್ದಾಗ. ಬಾಚೋಕೆ ಹೊತ್ತು ಸಿಗ್ತಿರಲಿಲ್ಲ."

"ಚೆನ್ನಾಗಿದೆ," ಎಂದ. ಆಮೇಲೆ ಇನ್ನೊಂದು ಸಲ ನೋಡಿ, "ಕಿವಿ ಕಾಣುತ್ತೆ ಈಗ, ಅದಕ್ಕೆ ಚೆನ್ನಾಗಿದೆ" ಎಂದ.

ಹೆಂಡತಿ ಮುಖ ಆ ಕಡೆ ತಿರುಗಿಸಿದಳು. ಡಾಕ್ಟರಮ್ಮ, "ಗೆರೆಗಳು ಸ್ವಲ್ಪ ಸೊಟ್ಟ ಕಾಣಬಹುದು, ಒಗ್ಗಿಹೋಗುತ್ತೆ. ಒಟ್ಟಿನಲ್ಲಿ ಕಣ್ಣು ಉಳೀತು" ಎಂದರು.

ಹೆಂಡತಿ ಆ ದಿನ ರಜೆ ಹಾಕಿದ್ದಳು. ಮನೆಗೆ ಬಂದವಳು ಒಂದು ನಿಮಿಷ ಎಂದು ನಡುಮನೆಯ ಹಾಸಿಗೆಯ ಮೇಲೆ ಒರಗಿದಳು. ಹಾಗೇ ನಿದ್ದೆ ಹೋದಳು. ಚಪ್ಪಲಿ ಒಂದು ಕಾಲಿನಲ್ಲೇ ಇತ್ತು. ಸೀನಿಯರ್ ಅದನ್ನು ಬಿಡಿಸಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಆಫೀಸಿನಿಂದ ಫೋನು ಬಂತು. ಸದ್ದು ಕೇಳಿ ಅವಳು ಎಚ್ಚರಗೊಂಡಾಳೆಂದು ಅದನ್ನು ಆರಿಸಿ ಜೇಬಿಗೆ ಹಾಕಿಕೊಂಡ.

ಮಗಳು ಬಂದು ಪಿಸುಗುಟ್ಟಿದಳು. "ಏನು ನೋಡ್ತಿದ್ದೀರಪ್ಪ?"

"ನಿಮ್ಮಮ್ಮನ್ನ."

"ಯಾಕೆ, ಏನಾಯ್ತು?"

"ಏನೂ ಆಗಿಲ್ಲ. ನೋಡ್ತಿದ್ದೀನಿ ಅಷ್ಟೆ."

ಅಡುಗೆಮನೆಯಿಂದ ತಾಯಿ ಸ್ವರ ಬಂತು. "ನೋಡಿದ್ದು ಸಾಕು, ಬಂದು ಬೀನ್ಸ್ ಬಿಡಿಸ್ಕೊಡು. ಅವಳು ಏಳೋ ಹೊತ್ತಿಗೆ ಊಟ ಆಗಿರ್ಬೇಕು."

ಅವನು ಎದ್ದು ಹೋದ. ಬೀನ್ಸು ಅವನ ಕಣ್ಣಿಗೆ ಸ್ವಲ್ಪ ಸೊಟ್ಟವಾಗಿಯೇ ಕಂಡಿತು. ಹಾಗೆಂದು ಹೇಳಿದ್ದಕ್ಕೆ ತಾಯಿ, "ಅದು ಇರೋದೇ ಹಾಗೆ ಕಣೋ" ಎಂದು ಬುಟ್ಟಿಯನ್ನು ಅವನ ಮಡಿಲಿಗೆ ಹಾಕಿದರು.